ಹೊಗೆಗೊಂದು ಒಲೆ

ಕಾಶಿರಾಯನ ಸಿಟ್ಟು ಸದಾ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಬ್ರಹ್ಮಪುರದ ಜನ ಆಡಿಕೊಳ್ಳುತ್ತಿದ್ದರು. ಆ ಮೂಗು ಹನ್ನೊಂದು ವರ್ಷ ಏನನ್ನು ಉಸಿರಾಡಿತ್ತು ಎಂದು ಒಬ್ಬರೂ ಕೇಳಲಿಲ್ಲ. ಅವನು ನೀಲಕಂಠ ಸಾಹುಕಾರರ ಎಣ್ಣೆ ಕಾರ್ಖಾನೆಯಲ್ಲಿ ಬಾಯ್ಲರಿಗೆ ಕಟ್ಟಿಗೆ ಹಾಕುವವನು. ರೈತರು ತಂದ ಕುಸುಬೆ, ಶೇಂಗಾಗಳಿಂದ ಎಣ್ಣೆ ಹಿಂಡಿ, ಅದನ್ನು ದೊಡ್ಡ ಕಡಾಯಿಗಳಲ್ಲಿ ಉಗಿಯಿಂದ ಕಾಯಿಸಿ, ಮಡ್ಡಿ ತೆಗೆದು ಶುದ್ಧ ಮಾಡುವ ಕಾರ್ಖಾನೆ ಅದು. ನಿಜಾಮ ಸರ್ಕಾರದ ಫಸಲಿ ೧೩೩೫ರ, ಅಂದರೆ ಇಸವಿ ೧೯೨೫-೨೬ರ ಮಾತು.

ಚಿಮಣಿಯ ಬೆನ್ನಿಗೇ ಕೂಲಿಕಾರರ ಓಣಿ. ಒಣಹಾಕಿದ ಸೀರೆ ಕಪ್ಪು, ನಾದಿಟ್ಟ ಹಿಟ್ಟು ಕಪ್ಪು, ಉಗುಳಿದರೆ ಉಗುಳೂ ಕಪ್ಪು. ಕಾಶಿರಾಯನ ಹೆಂಡತಿ ಬಂಡಮ್ಮನಿಗೆ ಎರಡು ವರ್ಷದಿಂದ ದಮ್ಮು ಹತ್ತಿತ್ತು. ಒಂದು ರೊಟ್ಟಿ ಬಡಿಯುವಷ್ಟರಲ್ಲಿ ಮೂರು ಸಲ ಕೈಬಿಟ್ಟು ಗೋಡೆಗೆ ಒರಗುತ್ತಿದ್ದಳು. ಹಕೀಮ ಇಮಾಮುದ್ದೀನ್ ನಾಡಿ ಹಿಡಿದು ನೋಡಿ ಮುಚ್ಚುಮರೆಯಿಲ್ಲದೆ ಹೇಳಿದ್ದ.

"ದವಾ ಕೊಡ್ತೀನಿ. ಆದ್ರ ಈ ಹೊಗಿ ಇರೋತನ ದವಾದಿಂದ ಏನೂ ಆಗಂಗಿಲ್ಲ. ಹೊಗಿ ನಿಲ್ಲಬೇಕು, ಇಲ್ಲಾ ಆಕೀನ್ನ ಇಲ್ಲಿಂದ ಒಯ್ಯಬೇಕು."

ಕಾಶಿರಾಯ ಹುಟ್ಟಿದ್ದು ಕಮಲಾಪುರದಲ್ಲಿ. ಅವನ ತಾಯಿ ಮಹಾದೇವಮ್ಮ ಬೆಲ್ಲದ ಕೊಪ್ಪರಿಗೆಗೆ ಉರಿ ಹಾಕಿಯೇ ಮುದುಕಿಯಾದವಳು. "ಹೊಗಿ ಅಂದ್ರ ಒಲಿ ಉಣ್ಣದ ಬಿಟ್ಟ ಕೂಳು" ಎಂದು ಮಗನಿಗೆ ಬೈದು ಬೈದು ಕಲಿಸಿದ್ದಳು. ಕಾರ್ಖಾನೆಯಲ್ಲಿ ನಡೆಯುತ್ತಿದ್ದುದೋ ಬರೀ ದಂಡದ ಕೆಲಸ. ಹಸಿ ಜಾಲಿಯ ಬೊಡ್ಡೆಗಳನ್ನು ಇಡಿಯಾಗಿ ನೂಕುವುದು, ಒಲೆಯ ಬಾಗಿಲು ತೆರೆದೇ ಬಿಡುವುದು, ಕಡಾಯಿ ಕಾಯಿಸಿದ ಉಗಿ ತಣಿದು ಬಂದ ಕುದಿನೀರನ್ನು ಮೋರಿಗೆ ಬಿಟ್ಟು ಬಾಯ್ಲರಿಗೆ ಮತ್ತೆ ತಣ್ಣೀರು ತುಂಬುವುದು. ನೋಡಿ ನೋಡಿ ಕಾಶಿರಾಯನ ಮೈ ಉರಿಯುತ್ತಿತ್ತು.

ಕಡೆಗೊಂದು ದಿನ ಸಾಹುಕಾರರ ಮುಂದೆ ಹೋಗಿ ನಿಂತ. "ಒಂದು ತಿಂಗಳು ನನ್ನ ಪದ್ಧತೀಲೆ ಉರಿ ಹಾಕಾಕ ಬಿಡ್ರಿ. ಕಟಿಗಿ ಅರ್ಧಕ್ಕ ಇಳಸ್ತೀನಿ. ಹೊಗೀನೂ ನಿಲ್ತದ."

ಸಾಹುಕಾರರ ಕಿವಿಗೆ ಬಿದ್ದದ್ದು 'ಅರ್ಧ' ಎಂಬ ಮಾತು ಮಾತ್ರ. ಹೂಂ ಅಂದರು.

ಅವನು ಕಟ್ಟಿಗೆಯನ್ನು ಸೀಳಿ ಬಿಸಿಲಿಗೆ ಒಣಗಿಸಿದ. ಸ್ವಲ್ಪ ಸ್ವಲ್ಪವೇ, ಮೇಲಿಂದ ಮೇಲೆ ಹಾಕಿದ. ಮೋರಿಗೆ ಹೋಗುವ ಕುದಿನೀರನ್ನು ನಳಿಗೆ ಕೂಡಿಸಿ ಬಾಯ್ಲರಿಗೇ ತಿರುಗಿಸಿದ. ಮೂರನೆಯ ವಾರಕ್ಕೆ ಚಿಮಣಿಯ ಬಾಯಲ್ಲಿ ತೆಳ್ಳಗೆ ಬಿಸಿ ನಡುಗುವುದು ಬಿಟ್ಟರೆ ಏನೂ ಕಾಣಲಿಲ್ಲ. ಕಟ್ಟಿಗೆ ಅರ್ಧಕ್ಕಿಂತ ಕಡಿಮೆಯೇ ಸಾಕಾಯಿತು. ಓಣಿಯ ಹೆಂಗಸರು ಸೀರೆಯನ್ನು ಹೊರಗೆ ಒಣಹಾಕಿದರು. ಬಂಡಮ್ಮ ಬಾವಿಯಿಂದ ಕೊಡ ಹೊತ್ತು ಎಲ್ಲಿಯೂ ಕೂಡದೆ ಮನೆ ಮುಟ್ಟಿದಳು. ಆ ದಿನ ಕಾಶಿರಾಯ ಯಾರ ಮೇಲೂ ಹರಿಹಾಯಲಿಲ್ಲ.

ಕೈಗೆ ಬಂದ ತುತ್ತು ಬಾಯಿಗೆ ಬರಬೇಕಲ್ಲ. ಕಮಲಾಪುರ, ಮಹಾಗಾಂವದ ಕಡೆಯಿಂದ ಕಾಳು ಹೇರಿಕೊಂಡು ಬರುವ ಬಂಡಿಯವರಿಗೆ ಒಂದು ರೂಢಿಯಿತ್ತು. ಊರು ಎರಡು ಹರದಾರಿ ಇದೆ ಎನ್ನುವಾಗ ಏರಿನ ಮೇಲೆ ಎತ್ತು ನಿಲ್ಲಿಸಿ ನೋಡುವುದು. ಹೊಗೆ ಕಂಡರೆ ಕಾರ್ಖಾನೆ ನಡೆದಿದೆ, ಕಾಣದಿದ್ದರೆ ಮುಚ್ಚಿದೆ. ಆ ತಿಂಗಳು ಹೊಗೆ ಕಾಣಲಿಲ್ಲ. ಕಾಶಿರಾಯನ ಸ್ವಂತ ಊರಿನ ಜಾಣರೇ ದಾರಿಯ ದಲಾಲರಿಗೆ ಕಾಳು ಸುರಿದು ಮನೆಗೆ ತಿರುಗಿದರು. ಇನ್ನೆರಡು ಹರದಾರಿ ಬಂದು ಕೇಳಿದ್ದರೆ ಅವರ ಎತ್ತುಗಳ ಗಂಟೇನು ಹೋಗುತ್ತಿತ್ತೋ.

ಸಾಹುಕಾರರು ಕಾಶಿರಾಯನನ್ನು ಕರೆಸಿದರು. "ಕಟಿಗಿ ಉಳಿಸಿದಿ, ಶಾಬಾಸ್. ಆದ್ರ ಹೊಗಿ ಅಂದ್ರ ನಮ್ಮ ದುಕಾನದ ಬೋರ್ಡು. ಚಿಮಣಿ ಬುಡಕ್ಕ ಇನ್ನೊಂದು ಒಲಿ ಕಟ್ಟು. ಹಸಿ ಜಾಲಿ, ಎಣ್ಣಿ ಮಡ್ಡಿ ಹಾಕಿ ಮುಂಜಾನಿಂದ ಸಂಜೀತನ ಹೊಗಿ ಏಳಸು."

"ಆ ಒಲಿ ಮ್ಯಾಲ ಏನು ಕಾಯಸೋದ್ರಿ?"

"ಏನೂ ಇಲ್ಲ. ಬರೇ ಹೊಗಿ."

ಕಾಶಿರಾಯ ಹಲ್ಲು ಕಚ್ಚಿದ. "ಉಗಿ ಬಿಟ್ಟು ಭೋಂಗಾ ಊದಸ್ರಿ ಧಣಿ, ದೂರದ ಬಂಡಿಯವರಿಗೂ ಕೇಳ್ತದ. ಇಲ್ಲಾ ಏರಿನ ಮ್ಯಾಲ ಒಬ್ಬ ಮನುಷ್ಯಾನ್ನ ನಿಂದರಸ್ರಿ. ನನ್ನ ಹೇಣ್ತಿ ಈಗೀಗ ಉಸಿರಾಡಾಕತ್ಯಾಳ."

"ಭೋಂಗಾ ಊದಿದ್ರ ಉಗಿ ದಂಡ ಆಗ್ತದ" ಎಂದರು ಸಾಹುಕಾರರು. "ನೀ ಒಲ್ಲೆ ಅಂದ್ರ ನಿನ್ನ ಜೋಡಿ ಕಟಿಗಿ ಹಾಕೋ ದೌಲಪ್ಪ ಅದಾನ."

ಉಗಿ ದಂಡವಾಗುತ್ತದಂತೆ! ಬರಿಯ ಹೊಗೆಗಾಗಿ ಬಂಡಿಗಟ್ಟಲೆ ಜಾಲಿ ಸುಡುವವನ ಬಾಯಲ್ಲಿ ಬಂದ ಮಾತಿದು. ಇಂಥ ಬುದ್ಧಿಗೆ ಬೆಂಕಿ ಬೀಳಲಿ.

ಕಾಶಿರಾಯ ಒಲ್ಲೆ ಎಂದ. ದೌಲಪ್ಪ ಒಲೆ ಹೊತ್ತಿಸಿದ. ಅವನನ್ನು ಬಯ್ದು ಫಲವಿಲ್ಲ, ಅವನಿಗೂ ಹೊಟ್ಟೆಯಿದೆ. ಏರಿನ ಮೇಲೆ ಬಂಡಿಯವರು ಹೊಗೆ ಕಂಡು ಹಿಗ್ಗಿ ಎತ್ತು ಹೊಡೆದುಕೊಂಡು ಬಂದರು. ಮೂರನೆಯ ದಿನಕ್ಕೆ ಬಂಡಮ್ಮ ಒಂದು ಮಾತನ್ನು ಪೂರ್ತಿ ಆಡಲಾರದೆ ಹೊಸ್ತಿಲಲ್ಲಿ ಕುಸಿದಳು.

ಮರುದಿನ ಮುಂಜಾನೆ ಕಾಶಿರಾಯ ಒಂದು ಕೈಗಾಡಿಗೆ ಹಸಿ ಜಾಲಿಯನ್ನೂ ಎರಡು ಡಬ್ಬಿ ಮಡ್ಡಿಯನ್ನೂ ಹೇರಿ, ನಿಜಾಮರು ಬಂದಾಗ ಇಳಿಯುವ ಐವಾನ್-ಎ-ಶಾಹಿ ಬಂಗಲೆಯ ಕಡೆಗಿದ್ದ ಸಾಹುಕಾರರ ಬಂಗಲೆಗೆ ಎಳೆದೊಯ್ದ. ಅಂಗಳದಲ್ಲಿ, ಸರಿಯಾಗಿ ಕಿಟಕಿಗಳ ಕೆಳಗೆ, ಮೂರು ಕಲ್ಲಿಟ್ಟು ಉರಿ ಹಚ್ಚಿದ. ಹೊಗೆ ಒಳಗೆ ನುಗ್ಗಿತು. ಸಾಹುಕಾರರ ಮುದಿ ತಾಯಿ ಕಸ್ತೂರಿಬಾಯಿ ಕೆಮ್ಮುತ್ತ ಹೊರಗೆ ಬಂದಳು. ಕಾಶಿರಾಯ ಅವಳ ಕೈಹಿಡಿದು ಗಾಳಿ ಬರುವ ಕಡೆ ಕಟ್ಟೆಯ ಮೇಲೆ ಕೂಡಿಸಿ, ಮತ್ತೆ ಬಂದು ಇನ್ನಷ್ಟು ಮಡ್ಡಿ ಸುರಿದ.

ಸಾಹುಕಾರರು ಕಣ್ಣೊರೆಸಿಕೊಳ್ಳುತ್ತ ಓಡಿಬಂದರು. "ಹುಚ್ಚು ಹಿಡದದೇನ್ಲೇ ನಿನಗ? ಮನ್ಯಾಗ ಮಂದಿ ಅದಾರ."

"ನಮ್ಮ ಮನ್ಯಾಗ ಇರೋರೂ ಮಂದೀನ್ರಿ" ಎಂದ ಕಾಶಿರಾಯ.

ಆಳುಗಳು ಬಂದು ಎರಡು ಕೊಡ ನೀರು ಸುರಿದರು. ಉರಿ ಆರಿತು. ಅಷ್ಟೇ ಕೆಲಸ ಅದು. ಮಧ್ಯಾಹ್ನಕ್ಕೆ ಕಾಶಿರಾಯನ ನೌಕರಿ ಹೋಯಿತು. ಬಂಡಮ್ಮನನ್ನು ಬಂಡಿಯಲ್ಲಿ ಮಲಗಿಸಿಕೊಂಡು ಅವನು ಕಮಲಾಪುರಕ್ಕೆ ಹೊರಟುಹೋದ. ಅವಳು ಬದುಕಿಕೊಂಡಳು. ಓಣಿಯ ಉಳಿದ ನಲವತ್ತು ಮನೆಗಳವರಿಗೆ ಹೋಗಲು ಯಾವ ಊರೂ ಇರಲಿಲ್ಲ. ಚಿಮಣಿಯ ಬುಡದ ಆ ಒಲೆಗೆ ಎರಡು ಕೊಡ ನೀರು ಸುರಿಯಲು ಮುಂದೆ ಒಂಬತ್ತು ವರ್ಷ ಯಾರೂ ಬರಲಿಲ್ಲ.