ಬಸಲಿಂಗವ್ವನ ಅರವತ್ತಮೂರು ಹೋಳಿಗೆ

ಬೆಳಗಿನ ಐದೂಕಾಲು. ಮುಂಬೈಯ ಭಾಂಡುಪ್‌ನಲ್ಲಿ, ವಠಾರದಂಥ ಒಂದು ಚಾಳಿನಲ್ಲಿ ನೀರು ಬರುವ ಹೊತ್ತು. ಕೊಡಗಳ ಗದ್ದಲದ ನಡುವೆ ಮೂಲೆಯ ಒಂದೇ ಕೋಣೆಯ ಖೋಲಿಯಿಂದ ರೊಟ್ಟಿ ಬಡಿಯುವ ಸದ್ದು ಬರುತ್ತಿದೆ. ಒಳಗೆ ಐವತ್ತೆಂಟರ ಬಸಲಿಂಗವ್ವ ಸೆರಗು ಸಿಕ್ಕಿಸಿಕೊಂಡು ಹಂಚಿನ ಮುಂದೆ ಕೂತಿದ್ದಾರೆ. ಗೋಡೆಗುಂಟ ಹನ್ನೊಂದು ಊಟದ ಡಬ್ಬಿಗಳು ಬಾಯಿ ತೆರೆದು ಕಾಯುತ್ತಿವೆ. ಪ್ರತಿಯೊಂದರ ಪಕ್ಕದಲ್ಲೂ ಅಂಗೈಯಲ್ಲಿ ಹಿಡಿಸುವಂಥ ಇನ್ನೊಂದು ಪುಟ್ಟ ಸ್ಟೀಲ್ ಡಬ್ಬಿ.

ಮುಂಬೈಯಲ್ಲಿ ಡಬ್ಬಿ ಕಳಿಸುವವರಿಗೇನು ಬರ? ಆದರೆ ಬಸಲಿಂಗವ್ವ ಅಡುಗೆ ಮಾಡುವುದು ಪಥ್ಯ ಮುಗಿದವರಿಗೆ. ಕಾಯಿಲೆಗೋ, ತೂಕ ಇಳಿಸಲಿಕ್ಕೋ ಅನ್ನ, ಗೋಧಿ, ಬೇಳೆ, ಹಾಲು ಎಲ್ಲ ಬಿಟ್ಟು, ಈಗ ಮತ್ತೆ ಊಟಕ್ಕೆ ಮರಳಲು ಹೆದರುವ ಜನರಿಗೆ. ದೊಡ್ಡ ಡಬ್ಬಿಯಲ್ಲಿ ಅವರಿಗೆ ಒಗ್ಗಿದ ಊಟ. ಸಣ್ಣದರಲ್ಲಿ ಒಂದೇ ಒಂದು ಹೊಸ ಪದಾರ್ಥ, ಎರಡು ತುತ್ತಿನಷ್ಟು. ಅದೇ ಪದಾರ್ಥ ಮೂರು ದಿನ. ಹೊಟ್ಟೆ ತಕರಾರು ಮಾಡದಿದ್ದರೆ ನಾಲ್ಕನೇ ದಿನ ಅದು ದೊಡ್ಡ ಡಬ್ಬಿಗೆ ಬಡ್ತಿ ಪಡೆಯುತ್ತದೆ.

"ಹೊಸಾ ಬೀಗರು ಇದ್ದಂಗ ರೀ," ಎನ್ನುತ್ತಾರೆ ಬಸಲಿಂಗವ್ವ, ರೊಟ್ಟಿ ಮಗುಚುತ್ತ. "ಒಮ್ಮೆಗೇ ಹಿಂಡುಗಟ್ಲೆ ಕರದ್ರ ಯಾರು ಜಗಳ ತಗದ್ರು ಅಂತ ಹೆಂಗ ತಿಳೀಬೇಕು? ಒಬ್ಬೊಬ್ಬರನ್ನ ಕರೀಬೇಕು. ಮೂರು ದಿನ ಇಟಗೊಂಡು ಸ್ವಭಾವ ನೋಡಬೇಕು."

ಆಕೆಯ ಬಗ್ಗೆ ಬರೆಯಲೆಂದು ಬಂದ ನಾನೂ ಒಮ್ಮೆ ತಿಂಗಳು ಪೂರ್ತಿ ಸೊಪ್ಪು ಮೆದ್ದು, ಮೂವತ್ತೊಂದನೇ ದಿನ ಫೋರ್ಟ್‌ನ ಉಡುಪಿ ಹೋಟೆಲಿನಲ್ಲಿ ನಾಲ್ಕು ವಡೆಗಳಿಗೆ ಶರಣಾದವನು. ಹೀಗಾಗಿ ಈ ಮಾತನ್ನು ಎಲ್ಲಕ್ಕಿಂತ ಮೊದಲು ಬರೆದುಕೊಂಡೆ.

ಈ ಬುದ್ಧಿ ಆಕೆಗೆ ಪುಕ್ಕಟೆ ಬಂದದ್ದಲ್ಲ. ಒಂಬತ್ತು ವರ್ಷದ ಹಿಂದೆ ಗಂಡ ಚನ್ನಬಸಯ್ಯನವರಿಗೆ ಕರುಳಿನ ಆಪರೇಶನ್ ಆಯಿತು. ಎರಡು ತಿಂಗಳು ಬರೀ ಗಂಜಿ. ಪಥ್ಯ ಮುಗಿಯಿತು, ನಿಧಾನಕ್ಕೆ ಉಣ್ಣಲಿ ಎಂದರು ಡಾಕ್ಟರ್. ವಿಜಯಪುರದ ಕಡೆಯವರ ಮನೆಯಲ್ಲಿ ಸಂತೋಷ ನಿಧಾನಕ್ಕೆ ಬರುತ್ತದೆಯೇ? ಮರುದಿನವೇ ಬಸಲಿಂಗವ್ವ ಹೋಳಿಗೆ, ಕಟ್ಟಿನ ಸಾರು, ಎಣ್ಣೆಗಾಯಿ ಮಾಡಿ ಅಕ್ಕಪಕ್ಕದವರನ್ನೂ ಕರೆದರು. ಹೆಂಡತಿ ಬಡಿಸಿದ್ದನ್ನು ಬೇಡ ಎನ್ನದೆ ಗಂಡ ಮೂರು ಹೋಳಿಗೆ ಉಂಡರು, ತುಪ್ಪ ಬೇರೆ. ಸಂಜೆ ಹೊತ್ತಿಗೆ ಮತ್ತೆ ದವಾಖಾನೆ, ಎಂಟು ದಿನ ಸಲಾಯಿನ್.

"ನನ್ನ ಕೈಲೆ ನಾನs ಕೊಲ್ಲಾಕ ಹೊಂಟಿದ್ದೆ," ಎನ್ನುವಾಗ ಆಕೆಯ ಕೈ ಹಿಟ್ಟಿನಲ್ಲೇ ನಿಲ್ಲುತ್ತದೆ. "ಅದಕ್ಕಿಂತ ಕೆಟ್ಟದ್ದು ಆಮ್ಯಾಗಿಂದು. ಇವರು ಅನ್ನ ಕಂಡ್ರ ಹೆದರಾಕ ಹತ್ತಿದ್ರು. ರೊಟ್ಟಿ ಮುರದು ಕೈಯಾಗ ಹಿಡಕೊಂಡು ಕುಂದರತಿದ್ರು, ಬಾಯಿಗೆ ಒಯ್ಯತಿರಲಿಲ್ಲ."

ಆಗ ಹುಟ್ಟಿದ್ದು ಸಣ್ಣ ಡಬ್ಬಿ. ಡಾಕ್ಟರ್ ಬರೆದುಕೊಟ್ಟ ಪಟ್ಟಿ ಗೋಡೆಗೆ ಅಂಟಿಸಿ, ಆರು ತಿಂಗಳು ಒಂದೊಂದೇ ಪದಾರ್ಥವನ್ನು ಗಂಡನ ತಟ್ಟೆಗೆ ಮರಳಿ ತಂದರು. ಸುದ್ದಿ ಕೇಳಿ ಅಂಥದೇ ಡಬ್ಬಿ ಬೇಕೆಂದು ಬೇರೆಯವರೂ ಬಂದರು. ದುಡಿಯುತ್ತಿದ್ದ ಕಾರ್ಖಾನೆ ಮುಚ್ಚಿದ್ದರಿಂದ ಮನೆಯಲ್ಲಿದ್ದ ಚನ್ನಬಸಯ್ಯ ಈಗ ಹನ್ನೊಂದು ಡಬ್ಬಿ ಹೊತ್ತು ಸ್ಟೇಶನ್ನಿಗೆ ನಡೆದು ಡಬ್ಬಾವಾಲಾನ ಕೈಗೆ ಒಪ್ಪಿಸಿ ಬರುತ್ತಾರೆ. ಡಾಕ್ಟರ ಚೀಟಿ ತಾರದವರಿಗೆ ಇಂದಿಗೂ ಇಲ್ಲಿ ಡಬ್ಬಿ ಇಲ್ಲ.

ಇವತ್ತು ಹನ್ನೊಂದನೇ ಡಬ್ಬಿಯನ್ನು ಮಾತ್ರ ಬಸಲಿಂಗವ್ವ ಎಲ್ಲಕ್ಕಿಂತ ನಿಧಾನವಾಗಿ ತುಂಬುತ್ತಾರೆ. ಅದು ಮಾಧುರಿಯದು. ಧಾರವಾಡ ಮೂಲದ ಮನೆಯ ಹುಡುಗಿ, ಬಾಂದ್ರಾದಲ್ಲಿ ಆಫೀಸು. ಆಕೆಯ ಸಣ್ಣ ಡಬ್ಬಿಯಲ್ಲಿ ಕಾಲು ಚಪಾತಿ ಇಡುತ್ತಾರೆ. ಒಂಬತ್ತು ದಿನದಿಂದ ಅದು ಹೋದಂತೆಯೇ ತಿರುಗಿ ಬರುತ್ತಿದೆ.

ಫೋನಿನಲ್ಲಿ ನನಗೆ ಸಿಕ್ಕ ಮಾಧುರಿ ಏನನ್ನೂ ಮುಚ್ಚಿಡಲಿಲ್ಲ. "ಡಾಕ್ಟರ್ ಆರು ವಾರ ಗೋಧಿ, ಬೇಳೆ ಬಿಡು ಅಂದ್ರು. ನಾನು ಎಂಟು ತಿಂಗಳು ಬಿಟ್ಟೆ. ಈಗ ಟೆಸ್ಟ್ ನಾರ್ಮಲ್, ತಿನ್ನು ಅಂತಾರೆ. ಪರ್ ಡರ್ ಬೈಠ್ ಗಯಾ, ಹೆದರಿಕೆ ಹೋಗ್ತಾನೇ ಇಲ್ಲ. ತಂಗಿ ಮದುವೇಲಿ ಪರ್ಸ್‌ನಲ್ಲಿ ಅನ್ನದ ಡಬ್ಬಿ ಇಟ್ಕೊಂಡು ಹೋಗಿದ್ದೆ. ಎಲ್ಲಾರೂ ಊಟಕ್ಕೆ ಕೂತ್ರು, ನಾನು ಬಾಥ್‌ರೂಮ್ ಹತ್ರ ನಿಂತು ತಿಂದೆ."

ತಿನ್ನಲಿಲ್ಲ ಎಂದು ಬಸಲಿಂಗವ್ವ ಒಂದು ದಿನವೂ ಆಕೆಯನ್ನು ಗದರಿಲ್ಲ, ಕೇಳಿಯೂ ಇಲ್ಲ. ಮರುದಿನ ಬಿಸಿಯಾಗಿ ಮತ್ತೊಂದು ಕಾಲು ಚಪಾತಿ ಕಳಿಸುತ್ತಾರೆ, ಅಷ್ಟೇ.

ಹೀಗೆ ಇಲ್ಲಿಯವರೆಗೆ ಅರವತ್ತಮೂರು ಜನ ಮನೆಯ ಊಟಕ್ಕೆ ಮರಳಿ ಈ ಖೋಲಿಯ ಡಬ್ಬಿ ಬಿಟ್ಟಿದ್ದಾರೆ. ಗಿರಾಕಿ ಹೋದರೆ ಖುಷಿಪಡುವ ವ್ಯಾಪಾರ ಮುಂಬೈಯಲ್ಲಿ ಇದೊಂದೇ ಇರಬೇಕು. ಹೋದವರನ್ನೂ ಆಕೆ ಕೈಬಿಡುವುದಿಲ್ಲ. ಭಾನುವಾರ ಮಧ್ಯಾಹ್ನ ಫೋನ್ ಹಿಡಿದು ಕೂರುತ್ತಾರೆ. "ಹೊತ್ತಿಗೆ ಸರಿಯಾಗಿ ಉಣ್ಣತೀ ಇಲ್ಲೋ? ಕಾಯಿಪಲ್ಲೆ ಬಿಟ್ಟಿಲ್ಲ ಹೌದಲ್ಲೋ? ರಾತ್ರಿ ಹೋಟೆಲ್ ಚಟಾ ಮತ್ತ ಹತ್ತೇತೇನು?" ಬ್ಯಾಂಕಿನ ಮ್ಯಾನೇಜರರೂ ಈ ಪ್ರಶ್ನೆಗಳಿಗೆ ತಡವರಿಸುತ್ತಾರಂತೆ.

ಪ್ರತಿಯೊಬ್ಬರ ಕೊನೆಯ ಡಬ್ಬಿಯಲ್ಲಿ ಒಂದು ಪುಟ್ಟ ಹೋಳಿಗೆ ಇರುತ್ತದೆ. ಹೋಳಿಗೆಯೇ ಯಾಕೆ ಎಂದು ಕೇಳಿದೆ.

"ಅದೇನು ಪಾಪ ಮಾಡಿತ್ತು ರೀ? ತಪ್ಪು ಮಾಡಿದ ದಿನದ್ದು, ಹೋಳಗೀದಲ್ಲ. ಈಗ ಸರಿಯಾದ ದಿನಕ್ಕ ಮಾಡಾಕ ಕಲತೀನಿ." ಆಕೆಯ ಮುಖದಲ್ಲಿ ಹೆಮ್ಮೆಯಿದೆ. ಈ ಖೋಲಿಯಲ್ಲಿ ಕೂತಿದ್ದಕ್ಕೆ ನನಗೂ ಹೆಮ್ಮೆಯಾಗುತ್ತದೆ.

ಸಂಜೆ ನಾಲ್ಕೂವರೆಗೆ ಖಾಲಿ ಡಬ್ಬಿಗಳು ಮರಳುತ್ತವೆ. ಬಸಲಿಂಗವ್ವ ಮೊದಲು ತೆರೆಯುವುದು ಮಾಧುರಿಯ ಸಣ್ಣ ಡಬ್ಬಿ. ಚಪಾತಿ ಇದೆ. ಆದರೆ ಅದರ ಒಂದು ತುದಿ ಇಲ್ಲ.

"ನೋಡ್ರೀ ಇಲ್ಲೆ!" ಡಬ್ಬಿಯನ್ನು ಬಾಗಿಲ ಬೆಳಕಿಗೆ ಹಿಡಿಯುತ್ತಾರೆ. "ಹಲ್ಲಿನ ಗುರ್ತು!" ಆಕೆಯ ಕಣ್ಣುಗಳು ತುಂಬಿವೆ.

ಚನ್ನಬಸಯ್ಯ ಕನ್ನಡಕ ಏರಿಸಿ ನೋಡುತ್ತಾರೆ. "ಹಂಗಾದ್ರ ನಾಳೆ ಅರ್ಧ ಚಪಾತಿ ಕಳಸೂಣೇನು?"

"ಬ್ಯಾಡ," ಎನ್ನುತ್ತಾರೆ ಬಸಲಿಂಗವ್ವ, ಡಬ್ಬಿ ತೊಳೆಯುತ್ತ. "ಕಾಲು ಚಪಾತೀನs ಇರಲಿ. ಬೀಗರು ಇವತ್ತು ಹೊಸ್ತಿಲಾ ದಾಟ್ಯಾರ. ಅರವತ್ನಾಕನೇ ಹೋಳಗಿ ಇಕೀದs ಐತಿ, ನನಗೇನು ಅವಸರ ಇಲ್ಲ."