ಡಾಕ್ಟರರು ಗಾಡಿ ಬಂದ್ ಮಾಡಿದ ದಿನ

ಏಕಸಂಬಿಯ ನಮ್ಮ ಮನೆಗೆ ಬರುತ್ತಿದ್ದ ಡಾಕ್ಟರರು ಮೋಟರ್‌ಸೈಕಲ್ಲನ್ನು ಬಾಗಿಲಲ್ಲಿ ಚಾಲೂ ಇಟ್ಟೇ ಒಳಗೆ ಬರುವವರು. ನಿಂತೇ ಸೂಜಿ ಹಾಕಿ, "ಏನೂ ಆಗೂದಿಲ್ಲ" ಎಂದು ಅಪ್ಪಣೆ ಕೊಡಿಸಿ ಹೊರಡುವವರು. ರೋಗಗಳೂ ಬಹುಮಟ್ಟಿಗೆ ಆ ಅಪ್ಪಣೆ ಪಾಲಿಸುತ್ತಿದ್ದವು. ಅವ್ವನ ಕ್ಯಾನ್ಸರ್ ಪಾಲಿಸಲಿಲ್ಲ.

ಆಗಲೇ ಅವರು, ವಾಸಿಯಾಗದವರ ನೋವು ಇಳಿಸುವುದನ್ನು ಕಲಿಯಲು ತಿಂಗಳ ತರಬೇತಿಗೆ ಹೋದರು. ಇಪ್ಪತ್ತು ವರ್ಷ ಡಾಕ್ಟರಿಕೆ ಮಾಡಿದವರು ಮತ್ತೆ ಸಾಲಿ ಕಲಿಯಲು ಹೋದದ್ದು ಊರಿಗೆ ಅನುಮಾನ ತರಿಸಿತು. ಮರಳಿದ ದಿನ ನಮ್ಮ ಬಾಗಿಲಲ್ಲಿ ಗಾಡಿ ಬಂದ್ ಮಾಡಿದರು. ಅಪ್ಪ ಗಾಬರಿಯಾದ.

"ಯಾಕ್ರಿ ಸಾಹೇಬ್ರ, ಏನರೆ ಹೆಚ್ಚುಕಮ್ಮಿ ಐತೇನ್ರಿ?"

"ಇಲ್ರಿ, ಕುಂದರಾಕ ಬಂದೀನಿ." ಸ್ಟೂಲ್ ಎಳೆದುಕೊಂಡು ಅವ್ವನ ಬಳಿ ಕುಳಿತರು. "ಎಲ್ಲಿ ನೋಯಾಕತ್ತೈತ್ರಿ, ಅಕ್ಕಾರ?"

ಅವ್ವ ಅವರನ್ನೇ ನೋಡಿದಳು. "ನಾ ಉಳಿಯೂದಿಲ್ಲ, ಹೌದಲ್ರಿ?"

"ಹೌದ್ರಿ ಅಕ್ಕಾರ. ಆದ್ರ ನೋವಿನಾಗ ಬಿಡೂದಿಲ್ಲ. ದಿನಾ ಬರ್ತೀನಿ."

ಆರು ತಿಂಗಳು ನಮ್ಮೆಲ್ಲರ ಸುಳ್ಳು ಸೈರಿಸಿದ್ದ ಅವ್ವ, "ಹಂಗಾರ ಚಾ ಕುಡದ ಹೋಗ್ರಿ" ಎಂದಳು.

ಹೊರಡುವಾಗ ಎಷ್ಟು ಒದ್ದರೂ ಗಾಡಿ ಚಾಲೂ ಆಗಲಿಲ್ಲ. ಇಷ್ಟು ವರ್ಷ ಅದನ್ನು ಬಂದ್ ಮಾಡದಿದ್ದುದರ ವೈದ್ಯಕೀಯ ಕಾರಣ ಆಗ ತಿಳಿಯಿತು. ಅಪ್ಪ, ನಾನು ಓಣಿಯ ತಿರುವಿನವರೆಗೆ ತಳ್ಳಿದೆವು. ಮುಂದೆ ದಿನವೂ ತಳ್ಳಿದೆವು. ಅವ್ವ ಹೋದ ದಿನವೂ.