ದೇವರಾಜನ ಮಗಳ ಓರೆ ಕತ್ತರಿ

ಅಂಗಡಿಯ ಮೆಟ್ಟಿಲು ಹತ್ತಿದವರನ್ನು ರಾಜಣ್ಣ ಮುಖ ನೋಡಿ ಅಳೆಯುವುದಿಲ್ಲ. ಮುಖ ಎಲ್ಲರೂ ತೊಳೆದುಕೊಂಡೇ ಬಂದಿರುತ್ತಾರೆ. ಅವನು ನೋಡುವುದು ಬಟ್ಟೆ ಮುಟ್ಟುವ ಕೈಯನ್ನು. ಅಂಗೈಯಗಲಿಸಿ ಸವರಿದರೆ ಮದುವೆ ಮನೆಯವರು, ಕೊಳ್ಳುತ್ತಾರೆ. ಬೆರಳ ತುದಿಯಲ್ಲಿ ಮುಟ್ಟಿದರೆ ಬಸ್ಸು ಬರುವವರೆಗೆ ಕಾಲ ಕಳೆಯಲು ಬಂದವರು, ನೀರು ಕುಡಿದು ಹೋಗುತ್ತಾರೆ.

ನಾಲ್ಕೈದು ವರ್ಷದ ಹಿಂದೆ ಬಂದ ಆ ಹುಡುಗಿ ಎರಡೂ ಮಾಡಲಿಲ್ಲ. ಬಟ್ಟೆಯನ್ನು ತಿರುವಿ ಹಿಂಭಾಗ ನೋಡಿದಳು. ಅಂಚಿನಿಂದ ಒಂದೆಳೆ ಬಿಡಿಸಿ ಬೆಳಕಿಗೆ ಹಿಡಿದಳು. ರಾಜಣ್ಣ ಕೂತಲ್ಲೇ ಬೆಲೆ ಕಟ್ಟಿದ: ಎತ್ತರ ಐದಡಿಗೆ ಒಂದಿಂಚು ಕಮ್ಮಿ. ಹೆಗಲಲ್ಲಿ ಜಿಪ್ಪು ಕೆಟ್ಟು ಪಿನ್ನು ಹಾಕಿದ ಕಾಲೇಜು ಬ್ಯಾಗು. ಕೊರಳಲ್ಲಿ ಚಿನ್ನವಿಲ್ಲ, ಅಳತೆ ಟೇಪು ಇದೆ. ಕೊಳ್ಳುವ ಶಕ್ತಿ ಮೂರು ಮೀಟರ್ ಲೈನಿಂಗು, ಪ್ರಶ್ನೆ ಕೇಳುವ ಶಕ್ತಿ ಇಡೀ ಅಂಗಡಿಯಷ್ಟು. ಒಟ್ಟಿನಲ್ಲಿ ನಷ್ಟದ ಗಿರಾಕಿ.

"ಯಾರ್ ಮಗಳವ್ವಾ ನೀನು?"

"ನೇಕಾರ್ ಬೀದಿ ದೇವರಾಜಪ್ಪನ ಮಗಳು ಅಂಕಲ್, ರಮ್ಯಶ್ರೀ. ಬಿ.ಕಾಂ ಮೊದುಲ್ನೇ ವರ್ಸ."

ದೇವರಾಜ ರಾಜಣ್ಣನಿಗೇ ಸೀರೆ ನೇಯ್ದು ಕೊಡುವವನು. ಆದರೂ 'ಅಂಕಲ್' ಎನ್ನಿಸಿಕೊಂಡದ್ದು ರಾಜಣ್ಣನಿಗೆ ಅಷ್ಟು ರುಚಿಸಲಿಲ್ಲ.

"ಇಷ್ಟೊಂದ್ ಲೈನಿಂಗು ಏನ್ಕೆ?"

"ಫ್ರೆಶರ್ಸ್ ಡೇ ಅದೆ. ಗೌನು ಹೊಲ್ಕತಿವ್ನಿ."

"ಗೌನು ಅಂದ್ರೆ ಸಿನಿಮಾದೋರು ಹಿಂದ್ಗಡೆ ಎಳ್ಕಂಡ್ ಓಯ್ತಾರಲ್ಲ, ಅದಾ? ನಮ್ ರೋಡಲ್ಲಿ ಎಳ್ಕಂಡ್ ಓಗು, ಕಸ ಗುಡಿಸಿದ್ಕೆ ಮುನ್ಸಿಪಾಲ್ಟಿಯೋರು ಸಂಬಳ ಕೊಡ್ತಾರೆ."

ಹುಡುಗಿ ನಗಲಿಲ್ಲ. "ಎಳೆಯಂಗಿಲ್ಲ ಅಂಕಲ್. ನೆಲಕ್ಕಿಂತ ಎರಡಿಂಚು ಮ್ಯಾಲ್ಗಡೆ ನಿಂತ್ಕತದೆ. ನಾನೇ ಬರ್ದು ಅಳತೆ ಹಾಕಿವ್ನಿ."

ಅಕೌಂಟೆನ್ಸಿ ನೋಟ್ಸಿನ ಕೊನೆಯ ಪುಟ ತೆಗೆದು ತೋರಿಸಿದಳು. ಜಮಾ ಖರ್ಚಿನ ಹಿಂದೆ ಒಂದು ಗೌನು ನಿಂತಿತ್ತು, ಸೊಂಟದ ಹತ್ತಿರ ಸಣ್ಣ ಅಕ್ಷರದಲ್ಲಿ ಇಂಚುಗಳನ್ನು ಬರೆದುಕೊಂಡು.

ಆ ಮೊದಲ ಗೌನಿನ ಕಥೆ ರಾಜಣ್ಣನಿಗೆ ತಲುಪಿದ್ದು ಮುಂದಿನ ವಾರ, ಅವಳ ಸಹಪಾಠಿ ಹನೂರಿನ ಶೃತಿಯ ಬಾಯಿಂದ. ಇಬ್ಬರೂ ದಾರದ ಉಂಡೆ ಕೊಳ್ಳಲು ಬಂದಿದ್ದರು.

"ಹೆಂಗಿತ್ತವ್ವಾ ಗೌನು?" ರಾಜಣ್ಣ ಕೇಳಿದ.

"ರಾಗಿ ತುಂಬೋ ಗುಡಾಣ ನೋಡಿದ್ದೀರಾ ಅಂಕಲ್?" ಎಂದಳು ಶೃತಿ. "ಅಂಗಿತ್ತು. ಇವಳು ಎಡಕ್ ತಿರುಗುದ್ರೆ ಗೌನು ತಿರುಗ್ನೇ ಇಲ್ಲ. ಒಳಗೇ ಇವಳೊಬ್ಬಳೇ ತಿರುಗುದ್ಲು."

"ಬಾಯ್ ಮುಚ್ಚೆ," ಎಂದಳು ರಮ್ಯಶ್ರೀ, ದಾರದ ಬಣ್ಣ ಹೊಂದಿಸುತ್ತ. "ನೀನು ಬಾಡ್ಗೆ ಗೌನು ಹಾಕ್ಕಂಡು ಎಡವಿ ಬಿದ್ದಿದ್ ಹೇಳ್ಲಾ?"

ತಪ್ಪು ಎಲ್ಲಿದೆ ಎಂದು ರಾಜಣ್ಣನಿಗೆ ಗೊತ್ತಿತ್ತು. ಬಟ್ಟೆಯಲ್ಲಿ ನೂಲು ಉದ್ದಕ್ಕೊಂದು, ಅಡ್ಡಕ್ಕೊಂದು. ನೂಲು ಹೋದ ದಾರಿಯಲ್ಲೇ ಕತ್ತರಿಸಿದರೆ ಬಟ್ಟೆ ಬಿಗಿದುಕೊಂಡು ನಿಲ್ಲುತ್ತದೆ. ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಿದರೆ ಮೈಗೆ ಬಗ್ಗುತ್ತದೆ. ಬೀದಿಯ ಯಾವ ದರ್ಜಿಗೂ ಇದು ಗೊತ್ತು. ಮೊಬೈಲಿನಲ್ಲಿ ನೋಡಿ ರಮ್ಯಶ್ರೀಗೂ ಗೊತ್ತಿತ್ತು. ಕೈ ಮಾತ್ರ ಒಪ್ಪುತ್ತಿರಲಿಲ್ಲ. ಅವಳು ಹುಟ್ಟಿದ್ದು ಕಡಿದ ಎಳೆಯೊಂದನ್ನು ಗಂಟು ಹಾಕಲು ಮಗ್ಗ ನಿಲ್ಲಿಸುವ ಮನೆಯಲ್ಲಿ. ನೆಟ್ಟಗಿರುವ ನೂರಾರು ಎಳೆಗಳನ್ನು ಅಡ್ಡಡ್ಡ ಸೀಳುವುದೆಂದರೆ ಆ ಮನೆಯವರಿಗೆ ಅನ್ನದ ತಟ್ಟೆ ದಾಟಿದ ಹಾಗೆ. ಸೀಮೆಸುಣ್ಣದಲ್ಲಿ ಓರೆಗೆರೆ ಎಳೆಯುವಳು, ಕತ್ತರಿ ಹಿಡಿದರೆ ಅದು ತಾನಾಗಿ ನೂಲಿನ ದಾರಿಗೆ ತಿರುಗುವುದು. ಎರಡನೆಯ ವರ್ಷದ ಗೌನೂ ಗುಡಾಣವೇ ಆಯಿತು, ಸ್ವಲ್ಪ ಚಿಕ್ಕ ಗುಡಾಣ.

ಕೊನೆಯ ವರ್ಷ ಬಂದಾಗ ವಿಷಯ ಗೌನು ದಾಟಿ ಹೋಗಿತ್ತು. ಪದವಿ ಮುಗಿದ ಮೇಲೆ ಮೈಸೂರಿನಲ್ಲಿ ಉಡುಪು ವಿನ್ಯಾಸದ ಕೋರ್ಸಿಗೆ ಸೇರುತ್ತೇನೆಂದು ರಮ್ಯಶ್ರೀ ಮನೆಯಲ್ಲಿ ಹೇಳಿದ್ದಳು. ದೇವರಾಜನಿಗೆ ಮಗಳು ಬ್ಯಾಂಕ್ ಪರೀಕ್ಷೆ ಕಟ್ಟಬೇಕೆಂದಿತ್ತು. ತಿಂಗಳೆರಡು ವಾದ ನಡೆದು, ಒಂದು ಭಾನುವಾರ ದೇವರಾಜ ರಾಜಣ್ಣನನ್ನು ಮನೆಗೆ ಕರೆಸಿದ. ಮಗ್ಗದ ಮನೆಯ ಪೆಟ್ಟಿಗೆಯಿಂದ ಒಂದು ಸೀರೆ ತೆಗೆದು ಚಾಪೆಯ ಮೇಲಿಟ್ಟ.

"ಗುರುತು ಸಿಕ್ತಾ ಸಾವ್ಕಾರ್ರೆ?"

ಸಿಗದೆ ಏನು? ಎರಡು ವರ್ಷದ ಹಿಂದೆ ರಾಜಣ್ಣನೇ ವಾಪಸು ಕೊಟ್ಟ ಸೀರೆ ಅದು. ಈರುಳ್ಳಿ ಸಿಪ್ಪೆ ಬಣ್ಣ. ನೇಯುವಾಗ ಅಡ್ಡನೂಲು ಸಾಲದೆ ಬಂದು, ಎರಡನೇ ಸಲ ಬಣ್ಣ ಹಾಕಿಸಿದ್ದು ಮೊದಲಿನದಕ್ಕೆ ಕೂಡಲಿಲ್ಲ. ಮುಕ್ಕಾಲು ಪಾಲು ಕೆಂಪಗೆ, ಉಳಿದದ್ದು ಬಿಸಿಲಿಗೆ ಬಿದ್ದ ಹಾಗೆ ತಿಳಿ. ನಡುವೆ ಗೆರೆ ಎಳೆದ ಹಾಗೆ ಕಾಣುತ್ತಿತ್ತು.

"ಇದ್ರಲ್ಲಿ ಗೌನು ಹೊಲೀಲಿ," ಎಂದ ದೇವರಾಜ. "ಕಾಲೇಜ್ ಸೆಂಡಾಫ್‌ಗೆ ಹಾಕ್ಕಳ್ಲಿ. ನನ್ ಸೀರೇನ ಎಂಗ್ ನೋಡ್ತೀರೋ ಅಂಗೇ ನೋಡಿ. ನೀವು ಚೆನ್ನಾಗದೆ ಅಂದ್ರೆ ಮೈಸೂರು. ತಪ್ಪು ಸಿಕ್ತೂ ಅಂದ್ರೆ ಬ್ಯಾಂಕು. ಇವಳೂ ಒಪ್ಪವಳೆ."

ರಾಜಣ್ಣ ಹುಡುಗಿಯ ಕಡೆ ನೋಡಿದ. ಅವಳು ಒಪ್ಪಿದ್ದಳು, ಆದರೆ ಮುಖ ಸೀರೆಯ ತಿಳಿ ಭಾಗದ ಬಣ್ಣಕ್ಕೆ ಬಂದಿತ್ತು. ಕಾರಣವೂ ಇತ್ತು. ಮೂವತ್ತೊಂದು ವರ್ಷದ ವ್ಯಾಪಾರದಲ್ಲಿ ರಾಜಣ್ಣ ನೇಕಾರನ ಎದುರು ಒಂದು ಸೀರೆಯನ್ನೂ ಚೆನ್ನಾಗಿದೆ ಎಂದವನಲ್ಲ. ಗಾದಿಯ ಮೇಲೆ ಹರಡಿ, ತಿರುವಿ, ಬೆಳಕಿಗೆ ಹಿಡಿದು, ಕೊನೆಗೆ ಏನಾದರೂ ಒಂದು ಹುಡುಕುವುದು ಅವನ ಕಸುಬು. ಸಿಗದಿದ್ದರೆ "ಆಯ್ತು, ಇಡು" ಎನ್ನುತ್ತಿದ್ದ. ಅದೇ ಅವನ ಹೊಗಳಿಕೆ.

"ಕುಯ್ಯವ್ವಾ ಮತ್ತೆ," ಎಂದ ರಾಜಣ್ಣ, ಕಾಫಿ ಲೋಟ ಕೆಳಗಿಟ್ಟು. "ನಾನೂ ನೋಡ್ಕಂಡೇ ಓಯ್ತೀನಿ."

ರಮ್ಯಶ್ರೀ ಜರಿಯಂಚನ್ನು ಬಿಡಿಸಿ ಪಕ್ಕಕ್ಕಿಟ್ಟಳು. ಸೀರೆಯನ್ನು ಮೂಲೆಗೆ ಮಡಿಸಿ ಓರೆಗೆರೆ ಎಳೆದಳು. ಕತ್ತರಿ ತೆರೆದಳು. ಗೆರೆಯ ತುದಿಯಲ್ಲಿ ಕತ್ತರಿ ನಿಂತಿತು. ಎತ್ತಿದಳು, ಮತ್ತೆ ಇಟ್ಟಳು. ದೇವರಾಜ ಎದ್ದು ಹೊರಗೆ ಹೋದ. ನೋಡಲು ಅವನಿಂದಲೂ ಆಗಲಿಲ್ಲ.

ಮೂಲೆಯಲ್ಲಿ ನೂಲು ಸುತ್ತುತ್ತಿದ್ದ ಅವಳ ಅಜ್ಜಿ ಚಿಕ್ಕತಾಯಮ್ಮ ರಾಟೆ ನಿಲ್ಲಿಸಿತು. ತೆವಳಿಕೊಂಡು ಬಂದು ಬಟ್ಟೆಯ ಇನ್ನೊಂದು ತುದಿಯನ್ನು ಬಿಗಿಯಾಗಿ ಹಿಡಿದುಕೊಂಡಿತು.

"ಏನ್ ಕೂಸೆ, ನಿಂತ್ಬುಟ್ಟೆ?"

"ಎಳೆಯೆಲ್ಲ ತುಂಡಾಯ್ತವೆ ಕಣಜ್ಜಿ."

"ಆಗ್ಲಿ. ಇದ್ರ ಎಳೆ ನಾನೇ ಸುತ್ತಿದ್ದು, ನಾನೇ ಹಿಡ್ಕಂಡಿವ್ನಿ. ಎರಡ್ ವರ್ಸ ಪೆಟ್ಗೇಲಿ ನೆಟ್ಟಗೇ ಮಲ್ಗಿತ್ತಲ್ಲ, ಏನ್ ಬಂತು? ಕುಯ್ಯಿ."

ಕತ್ತರಿ ಹೊರಟಿತು. ಗೆರೆ ಬಿಟ್ಟು ಒಂದು ನೂಲೂ ಅತ್ತಿತ್ತ ಹೋಗಲಿಲ್ಲ. ಕೊನೆಯ ತುಂಡು ಚಾಪೆಗೆ ಬಿದ್ದಾಗ ಅಜ್ಜಿ ಅದನ್ನೆತ್ತಿ ಎರಡು ಕೈಯಲ್ಲಿ ಎಳೆದು, ಬಿಟ್ಟು, ಮತ್ತೆ ಎಳೆದು ನೋಡಿತು. "ಅಯ್ಯ, ನಮ್ಮ ಬಟ್ಟೆ ಇಷ್ಟ್ ಬಾಗ್ತದಾ?" ಎಂದು ರಾಜಣ್ಣನನ್ನೇ ಕೇಳಿತು. ರಾಜಣ್ಣ ಗೊತ್ತಿದ್ದವನ ಹಾಗೆ ತಲೆಯಾಡಿಸಿದ.

ಓರೆಯಾಗಿ ಕತ್ತರಿಸಿದ ಬಟ್ಟೆಗೆ ಒಂದು ಕೆಟ್ಟ ಬುದ್ಧಿ. ಹೊಲಿದ ಮೇಲೂ ಜೋಲುತ್ತ ಹೋಗುತ್ತದೆ, ಒಂದು ಕಡೆ ಹೆಚ್ಚು, ಒಂದು ಕಡೆ ಕಮ್ಮಿ. ಜೋಲುವಷ್ಟು ಜೋಲಲಿ ಎಂದು ನೇತುಹಾಕಿ ಕಾದು, ಆಮೇಲೆ ಕೆಳಗಿನ ಅಂಚು ಮಡಿಸಬೇಕು. ಅಷ್ಟೆತ್ತರದ ಜಾಗ ಆ ಮನೆಯಲ್ಲಿ ಇದ್ದದ್ದು ಮಗ್ಗದ ಮೇಲಿನ ತೊಲೆ ಒಂದೇ. ಗೌನು ಅಲ್ಲಿ ತೂಗಿತು, ಕೆಳಗಡೆ ಭಾರಕ್ಕೆಂದು ಬೀಗದ ಕೈಗಳನ್ನು ಕ್ಲಿಪ್ಪಿನಲ್ಲಿ ಕಚ್ಚಿಸಿಕೊಂಡು. ಎರಡು ದಿನ ಮಗ್ಗ ನಿಂತಿತು. ಸೀರೆ ಏಕೆ ತಡವಾಯಿತೆಂದು ರಾಜಣ್ಣ ಫೋನ್ ಮಾಡಿದಾಗ ದೇವರಾಜ, "ಕೈ ನೋವು ಸಾವ್ಕಾರ್ರೆ," ಎಂದ. ನಿಜ ಹೇಳಿದವಳು ಶೃತಿ.

ಸಮಾರಂಭದ ಹಿಂದಿನ ದಿನ ರಮ್ಯಶ್ರೀ ಗೌನನ್ನು ಅಂಗಡಿಗೆ ತಂದು ಗಾದಿಯ ಮೇಲೆ ಹರಡಿದಳು. ರಾಜಣ್ಣ ಕನ್ನಡಕ ಹಾಕಿಕೊಂಡ. ಹೊಲಿಗೆ ಹಿಡಿದು ಎಳೆದ, ಒಳಗು ಹೊರಗು ಮಾಡಿದ. ಹೊಲಿಗೆಯಲ್ಲಿ ಏನೂ ಸಿಗಲಿಲ್ಲ. ಆದರೆ ಒಟ್ಟು ವಸ್ತು ನೋಡಲು ಒದ್ದೆ ಟವೆಲು ಬಿದ್ದ ಹಾಗಿತ್ತು. ಬಣ್ಣ ಬದಲಾಗುವ ಆ ಹಳೆಯ ಗೆರೆಯೂ ಸೊಟ್ಟಗೆ ಎಲ್ಲಿಂದಲೋ ಎಲ್ಲಿಗೋ ಹೋಗುತ್ತಿತ್ತು.

"ಹೊಲ್ಗೆ ಸರಿ ಕಣವ್ವಾ," ಎಂದ. "ಆದ್ರೆ ಇದು ಬಿದ್ಕಂಡದಲ್ಲ? ಡ್ಯಾಮೇಜೂ ಕಾಣ್ತದೆ. ನಾನ್ ಸುಳ್ಳೇಳಾಕ್ ಆಗಾಕಿಲ್ಲ."

ರಮ್ಯಶ್ರೀ ಗೌನನ್ನು ಎತ್ತಿ ತೋಳಿಗೆ ಹಾಕಿಕೊಂಡಳು.

"ಮಲಗ್ಸಿ ನೋಡಾಕೆ ಇದು ಸೀರೆಯಲ್ಲ ಅಂಕಲ್. ನಾಳೆ ಬತ್ತೀರಲ್ಲ, ಆಗ ಹೇಳಿ."

ಹೋಗಲೇಬೇಕಿತ್ತು. ವರ್ಷವೂ ಕಾಲೇಜಿನ ಸನ್ಮಾನದ ಶಾಲುಗಳನ್ನು ಬಿಟ್ಟಿ ಕೊಡುವ ತಪ್ಪಿಗೆ ರಾಜಣ್ಣನಿಗೆ ಮೊದಲ ಸಾಲಿನಲ್ಲಿ ಕುರ್ಚಿ ಹಾಕುತ್ತಾರೆ. ಮೈಸೂರಿನಿಂದ ಬಾಡಿಗೆಗೆ ತಂದ ಗೌನಿನ ಹುಡುಗಿಯರು ಒಬ್ಬೊಬ್ಬರಾಗಿ ವೇದಿಕೆ ಹತ್ತಿದರು, ತುಂಬಿದ ಬಿಂದಿಗೆ ಹೊತ್ತವರ ಹಾಗೆ ಎರಡೂ ಕೈಯಲ್ಲಿ ಮುಂದಿನ ಬಟ್ಟೆ ಎತ್ತಿ ಹಿಡಿದುಕೊಂಡು. ಆಮೇಲೆ ನಿರೂಪಣೆಗೆ ರಮ್ಯಶ್ರೀಯನ್ನು ಕರೆದರು.

ಅವಳ ಒಂದು ಕೈಯಲ್ಲಿ ಮೈಕು, ಇನ್ನೊಂದರಲ್ಲಿ ಚೀಟಿ. ಬಟ್ಟೆ ಹಿಡಿಯಲು ಕೈಯೇ ಇರಲಿಲ್ಲ, ಬೇಕಾಗಲೂ ಇಲ್ಲ. ಐದು ಮೆಟ್ಟಿಲು ಹತ್ತಿದಳು. ಒಂದೊಂದು ಮೆಟ್ಟಿಲಿಗೂ ಗೌನು ಮೊಣಕಾಲಿಗೆ ದಾರಿ ಬಿಟ್ಟು ಮತ್ತೆ ಕೂಡಿಕೊಂಡಿತು. ರಾಜಣ್ಣನ ಕಣ್ಣು ಅಭ್ಯಾಸದಂತೆ ಕೆಳಗಿನ ಅಂಚಿಗೆ ಹೋಯಿತು. ಸುತ್ತಲೂ ನೆಲಕ್ಕಿಂತ ಎರಡಿಂಚು. ಎಲ್ಲೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವಳು ಸಭೆಯ ಕಡೆ ತಿರುಗಿದಳು, ಗೌನೂ ಅರೆಗಳಿಗೆ ಹಿಂದೆ ಅವಳ ಜೊತೆ ತಿರುಗಿತು. ಆ ಡ್ಯಾಮೇಜು ಗೆರೆ ಎಡ ಸೊಂಟದಿಂದ ಬಲ ಪಾದದವರೆಗೆ ಓರೆಯಾಗಿ ಇಳಿದಿತ್ತು. ಬೇಕೆಂದೇ ಅಲ್ಲಿ ಬಣ್ಣ ತಿಳಿಯಾಗಿಸಿ ನೇಯ್ದಿದ್ದಾರೆ ಎಂದು ಯಾರಾದರೂ ಆಣೆ ಮಾಡಬೇಕು, ಹಾಗಿತ್ತು. ಬಿಡಿಸಿಟ್ಟ ಜರಿಯಂಚು ಸೊಂಟಕ್ಕೆ ಪಟ್ಟಿಯಾಗಿತ್ತು.

ಹಿಂದಿನ ಸಾಲಿನಿಂದ ಶೃತಿ ಸಿಳ್ಳೆ ಹಾಕಿದಳು. ಪಕ್ಕದಲ್ಲಿ ಕೂತಿದ್ದ ಪ್ರಿನ್ಸಿಪಾಲರು ಬಗ್ಗಿ, "ಇದು ಬೆಂಗಳೂರಿಂದ ತರಿಸಿದ್ದಾ?" ಎಂದರು.

"ನೇಕಾರ್ ಬೀದಿಯಿಂದ ಸಾ," ಎಂದ ರಾಜಣ್ಣ.

ಸಮಾರಂಭ ಮುಗಿದಾಗ ದೇವರಾಜ ಅಂಗಳದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ನಿಂತಿದ್ದ. ಮಗಳು ನಾಲ್ಕು ಹೆಜ್ಜೆ ಹಿಂದೆ, ಕೈಯ ಚೀಟಿಯನ್ನು ಮಡಿಸುತ್ತ ಬಿಡಿಸುತ್ತ.

"ಹೇಳಿ ಸಾವ್ಕಾರ್ರೆ."

ರಾಜಣ್ಣ ಅವಳ ಸುತ್ತ ಒಂದು ಸುತ್ತು ಬಂದ. ಬಾಯಲ್ಲಿ 'ಆಯ್ತು, ಇಡು' ಬಂದು ನಿಂತಿತ್ತು. ಅದನ್ನು ನುಂಗಿಕೊಂಡ.

"ತಪ್ಪು ಹುಡುಕ್ದೆ ದೇವರಾಜ, ಸಿಗ್ನಿಲ್ಲ. ಚೆನ್ನಾಗದೆ."

ಈ ಮಾತಿಗೆ ಮೂವತ್ತೊಂದು ವರ್ಷ ಕಾದ ದೇವರಾಜನಿಗೆ ಇನ್ನೊಂದು ಪ್ರಶ್ನೆಯ ಹಕ್ಕಿತ್ತು. "ಹೊಲ್ಗೆಯಾ? ಬಟ್ಟೆಯಾ?"

"ಎರಡೂವೆ."

"ಅಂಗಾದ್ರೆ ವಾಪಸ್ ಕೊಟ್ಟಿದ್ದು?"

"ಸೀರೆ ವಾಪಸ್ ಕೊಟ್ಟೆ ಕಣಪ್ಪ. ಗೌನು ವಾಪಸ್ ಕೊಟ್ನಾ?"

ದೇವರಾಜ ನಕ್ಕುಬಿಟ್ಟ. ಮಗಳ ಕಡೆ ತಿರುಗಿ, "ಮೈಸೂರ್ಗೆ ಯಾವತ್ ಓಗ್ಬೇಕು?" ಎಂದ. ಅವಳು ತಾರೀಖು ಹೇಳುವಷ್ಟರಲ್ಲಿ ಶೃತಿ ಬಂದು ಅವಳ ಕೊರಳಿಗೆ ಜೋತುಬಿದ್ದಿದ್ದಳು, ಹಿಂದೆ ಅದೇ ತರಗತಿಯ ಹೊನ್ನೂರಿನ ಸೌಮ್ಯ, "ನನ್ನಕ್ಕನ ಆರತಕ್ಷತೆಗೆ ಇಂಥದ್ದೇ ಬೇಕು ಕಣೆ, ಬ್ಯಾರೆ ಬಣ್ಣ," ಎನ್ನುತ್ತ.

ಈಗ ರಮ್ಯಶ್ರೀ ಮೈಸೂರಿನಲ್ಲಿ ಎರಡನೆಯ ವರ್ಷ ಓದುತ್ತಿದ್ದಾಳೆ. ರಜೆಗೆ ಬಂದರೆ ಹನೂರಿನಿಂದ, ಯಳಂದೂರಿನಿಂದ ಹುಡುಗಿಯರು ಅಳತೆ ಕೊಡಲು ಬಸ್ಸಿಳಿಯುತ್ತಾರೆ. ಅವಳು ಇವತ್ತಿಗೂ ಬಟ್ಟೆ ತಿರುವಿ ಹಿಂಭಾಗವನ್ನೇ ಮೊದಲು ನೋಡುತ್ತಾಳೆ, ಇವತ್ತಿಗೂ ಅಂಕಲ್ ಎನ್ನುತ್ತಾಳೆ. ರಾಜಣ್ಣ ಮೂವತ್ತೊಂದು ವರ್ಷ ಬಟ್ಟೆಯನ್ನು ಮಲಗಿಸಿಯೇ ಕೊಂಡ, ಮಡಿಸಿಟ್ಟೇ ಮಾರಿದ. ಅದು ನಡೆಯುವಾಗ ಹೇಗಿರುತ್ತದೆ ಎಂದು ಅವನಿಗೆ ತೋರಿಸಿದವಳು ರಮ್ಯಶ್ರೀ. ಅಷ್ಟು ಅವನು ಅವಳಿಗೆ ಋಣಿ.